ಕಥೆಯೊಳಗಿನ ಬೆಕ್ಕು ಮೊದಲು ಬೆಕ್ಕಾಗಿರಲಿ

ಕಥೆಯಲ್ಲಿ ಒಂದು ಪ್ರಾಣಿ ಕಾಣಿಸಿಕೊಂಡರೆ ಸಾಕು, ನಮ್ಮ ಕೈ ಪೆನ್ಸಿಲ್ ಹುಡುಕುತ್ತದೆ. ಅಡಿಗೆರೆ ಎಳೆದು ಪಕ್ಕದಲ್ಲಿ ‘ಸಂಕೇತ’ ಅಂತ ಬರೆಯುತ್ತೇವೆ. ಹಕ್ಕಿ ಬಂದರೆ ಸ್ವಾತಂತ್ರ್ಯ, ನಾಯಿ ಬಂದರೆ ನಿಷ್ಠೆ, ಹಾವು ಬಂದರೆ ಕಾಮ ಇಲ್ಲವೇ ಕೇಡು. ಪರೀಕ್ಷೆಗೆ ಓದುವಾಗ ಹತ್ತಿದ ಚಾಳಿ ಇದು, ಬೇಗ ಬಿಡುವುದಿಲ್ಲ.

ಇಪ್ಪತ್ತನೇ ಶತಮಾನದ ನವ್ಯ ಕಥೆಗಳ ಮುಂದೆ ಈ ಚಾಳಿ ಕೈಕೊಡುತ್ತದೆ. ಅಲ್ಲಿ ಬರುವ ಬೆಕ್ಕು, ನೊಣ, ಹುಳ ಯಾವುದಕ್ಕೂ ಕಥೆಗಾರರು ಚೀಟಿ ಅಂಟಿಸಿರುವುದಿಲ್ಲ. ಕಥೆಯೂ ಕೊನೆಯಲ್ಲಿ ಗಂಟು ಹಾಕಿ ಮುಗಿಯುವುದಿಲ್ಲ. ಓದಿ ಮುಗಿಸಿದಾಗ ಏನೋ ಆಯಿತು ಅನಿಸುತ್ತದೆ, ಏನಾಯಿತು ಅಂತ ಹೇಳಲು ಬರುವುದಿಲ್ಲ. ಆ ಸ್ಥಿತಿಯಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ನಾನು ವರ್ಷಗಳಿಂದ ಅನುಸರಿಸುತ್ತಿರುವ ಹೆಜ್ಜೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಮುಖ್ಯವಾಗಿ ಒಂದೇ ಕಥೆ ತೆಗೆದುಕೊಳ್ಳುತ್ತೇನೆ: ಅರ್ನೆಸ್ಟ್ ಹೆಮಿಂಗ್ವೇ ಅವರ ‘ಕ್ಯಾಟ್ ಇನ್ ದಿ ರೇನ್’. 1925ರಲ್ಲಿ ‘ಇನ್ ಅವರ್ ಟೈಮ್’ ಸಂಕಲನದಲ್ಲಿ ಬಂದದ್ದು. ತುಂಬ ಚಿಕ್ಕ ಕಥೆ, ಸಾಧ್ಯವಾದರೆ ಮೊದಲು ಅದನ್ನು ಓದಿಕೊಂಡು ಬನ್ನಿ. ಓದದೇ ಇದ್ದರೂ ಪರವಾಗಿಲ್ಲ, ಕಥೆ ಹೀಗಿದೆ.

ಇಟಲಿಯ ಒಂದು ಹೋಟೆಲು. ಅಮೆರಿಕದ ಗಂಡ ಹೆಂಡತಿ ಉಳಿದುಕೊಂಡಿದ್ದಾರೆ. ಹೊರಗೆ ಮಳೆ. ಗಂಡ ಜಾರ್ಜ್ ಹಾಸಿಗೆ ಮೇಲೆ ಮಲಗಿ ಪುಸ್ತಕ ಓದುತ್ತಿದ್ದಾನೆ. ಹೆಂಡತಿಗೆ ಕಥೆಯಲ್ಲಿ ಹೆಸರೇ ಇಲ್ಲ. ಅವಳು ಕಿಟಕಿಯಿಂದ ನೋಡಿದಾಗ, ಕೆಳಗೆ ನೀರು ತೊಟ್ಟಿಕ್ಕುವ ಹಸಿರು ಮೇಜಿನಡಿ ಒಂದು ಬೆಕ್ಕು ಮುದುರಿ ಕೂತಿದೆ. ಅದನ್ನು ತರುತ್ತೇನೆ ಅಂತ ಕೆಳಗಿಳಿಯುತ್ತಾಳೆ. ಹೋಟೆಲಿನ ಮುದುಕ ಯಜಮಾನ ಎದ್ದು ನಿಂತು ತಲೆಬಾಗುತ್ತಾನೆ. ಕೆಲಸದವಳು ಹಿಂದಿನಿಂದ ಕೊಡೆ ಹಿಡಿಯುತ್ತಾಳೆ. ಮೇಜು ಇದೆ, ಬೆಕ್ಕು ಇಲ್ಲ. ವಾಪಸ್ಸು ಬಂದವಳು ಕನ್ನಡಿ ಮುಂದೆ ಕೂರುತ್ತಾಳೆ. ಉದ್ದ ಕೂದಲು ಬೇಕು, ತೊಡೆ ಮೇಲೆ ಬೆಕ್ಕಿನ ಮರಿ ಬೇಕು, ಊಟದ ಮೇಜಿಗೆ ತನ್ನದೇ ಬೆಳ್ಳಿ ಸಾಮಾನು ಬೇಕು, ಮೇಣದಬತ್ತಿ ಬೇಕು, ಹೊಸ ಬಟ್ಟೆ ಬೇಕು ಅನ್ನುತ್ತಾಳೆ. ಗಂಡ ‘ಬಾಯ್ಮುಚ್ಚು, ಏನಾದರೂ ಓದು’ ಅನ್ನುತ್ತಾನೆ. ಆಮೇಲೆ ಬಾಗಿಲು ತಟ್ಟಿದ ಸದ್ದು. ಕೆಲಸದವಳು ಒಂದು ದೊಡ್ಡ ಬೆಕ್ಕನ್ನು ಅವುಚಿಕೊಂಡು ನಿಂತಿದ್ದಾಳೆ, ಯಜಮಾನರು ಅಮ್ಮನವರಿಗೆ ಕೊಡಲು ಹೇಳಿದರು ಅನ್ನುತ್ತಾಳೆ. ಕಥೆ ಮುಗಿಯಿತು.

ಹೆಜ್ಜೆ ಒಂದು: ಪೆನ್ಸಿಲ್ ಇಲ್ಲದೆ ಓದಿ

ಮೊದಲ ಓದಿನಲ್ಲಿ ಏನನ್ನೂ ಗುರುತು ಮಾಡಬೇಡಿ. ಸುಮ್ನೆ ಓದಿ. ಮುಗಿದ ಮೇಲೆ ಪುಸ್ತಕ ಮುಚ್ಚಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನಗೆ ಎಲ್ಲಿ ಇರಿಸುಮುರಿಸು ಆಯಿತು? ಆ ಜಾಗ ನೆನಪಿರಲಿ. ಮುಂದೆ ನಾವು ಅಲ್ಲಿಗೇ ಹೋಗಬೇಕು.

ಹೆಜ್ಜೆ ಎರಡು: ಪ್ರಾಣಿಯ ದಿನಚರಿ ಬರೆಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಜೀವಾಳ. ಎರಡನೇ ಓದಿನಲ್ಲಿ ಪ್ರಾಣಿಯ ‘ಅರ್ಥ’ ಹುಡುಕಲು ಹೋಗಬೇಡಿ. ಪ್ರಾಣಿ ಎಲ್ಲಿದೆ, ಹೇಗೆ ಕೂತಿದೆ, ಯಾರು ನೋಡಿದರು, ಯಾರು ನೋಡಲಿಲ್ಲ, ಯಾವಾಗ ಮಾಯವಾಯಿತು, ಅದನ್ನು ಕರೆಯಲು ಯಾರು ಯಾವ ಪದ ಬಳಸಿದರು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ. ಪೊಲೀಸರು ಮಹಜರು ಬರೆಯುತ್ತಾರಲ್ಲ, ಹಾಗೆ. ಅಭಿಪ್ರಾಯ ಬೇಡ, ಕಂಡದ್ದಷ್ಟೇ ಸಾಕು.

ಮಳೆಯ ಬೆಕ್ಕಿನ ಮಹಜರು ಬರೆದರೆ ಏನೇನು ಸಿಗುತ್ತದೆ ನೋಡಿ.

ಮೊದಲ ಬೆಕ್ಕನ್ನು ನೋಡಿದ್ದು ಹೆಂಡತಿ ಒಬ್ಬಳೇ. ಗಂಡ ಹಾಸಿಗೆಯಿಂದ ಏಳಲಿಲ್ಲ. ನಾನೇ ತರುತ್ತೇನೆ ಅಂದ, ಆದರೆ ಮಲಗಿಯೇ ಅಂದ. ಕೆಲಸದವಳಂತೂ ‘ಮಳೆಯಲ್ಲಿ ಬೆಕ್ಕಾ?’ ಅಂತ ನಕ್ಕುಬಿಟ್ಟಳು. ಆ ಬೆಕ್ಕಿನ ಬಣ್ಣ ಕಥೆಯಲ್ಲಿ ಇಲ್ಲ. ಅದು ಮಾಡುತ್ತಿದ್ದದ್ದು ಒಂದೇ ಕೆಲಸ: ಹನಿ ಬೀಳದ ಹಾಗೆ ಮೈಯನ್ನು ಆದಷ್ಟು ಚಿಕ್ಕದು ಮಾಡಿಕೊಳ್ಳುವುದು.

ಇನ್ನು ಪದಗಳು. ನಿರೂಪಣೆ ಅದನ್ನು ‘ಕ್ಯಾಟ್’ ಅನ್ನುತ್ತದೆ. ಹೆಂಡತಿಯ ಬಾಯಲ್ಲಿ ಮೊದಮೊದಲು ಅದು ಹೆಚ್ಚಾಗಿ ‘ಕಿಟ್ಟಿ’, ಅಂದರೆ ಮುದ್ದಿನ ಬೆಕ್ಕಿನ ಮರಿ. ಗಂಡ ಗದರಿದ ಮೇಲೆ ಅವಳ ಮಾತು ಬದಲಾಗುತ್ತದೆ. ನನಗೊಂದು ‘ಕ್ಯಾಟ್’ ಬೇಕು, ಈಗಲೇ ಬೇಕು ಅನ್ನುತ್ತಾಳೆ. ಮುದ್ದಿನ ಪದ ಉದುರಿಹೋಗಿದೆ. ಅದೇ ಹೊತ್ತಿಗೆ ಆಸೆ ಹಟವಾಗಿದೆ. ಇದನ್ನು ನಾನು ಗಮನಿಸಿದ್ದು ನಾಲ್ಕನೆಯದೋ ಐದನೆಯದೋ ಓದಿನಲ್ಲಿ. ಗಮನಿಸಿದ ದಿನ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತುಬಿಟ್ಟೆ.

ಅನುವಾದದಲ್ಲಿ ಓದುವವರಿಗೆ ಒಂದು ಮಾತು. ಕನ್ನಡದಲ್ಲಿ ಬೆಕ್ಕು ಯಾವಾಗಲೂ ‘ಅದು’. ಮೂಲದಲ್ಲಿ ಮೇಜಿನಡಿ ಮುದುರಿದ ಬೆಕ್ಕನ್ನು ನಿರೂಪಣೆ ಹೆಣ್ಣು ಅಂತಲೇ ಹೇಳುತ್ತದೆ, ಹೆಂಗಸಿಗೆ ಬಳಸುವ ಸರ್ವನಾಮವನ್ನೇ ಬಳಸಿ. ಕಿಟಕಿಯಲ್ಲಿ ಒಬ್ಬಳು, ಮೇಜಿನಡಿ ಒಬ್ಬಳು. ಕನ್ನಡಕ್ಕೆ ಬಂದಾಗ ಈ ಎಳೆ ಸದ್ದಿಲ್ಲದೆ ಕಳಚಿಹೋಗುತ್ತದೆ. ಹಾಗಾಗಿ ಪ್ರಾಣಿ ಬರುವ ವಾಕ್ಯಗಳನ್ನಾದರೂ ಮೂಲದಲ್ಲಿ ಒಮ್ಮೆ ನೋಡಿ. ಪೂರ್ತಿ ಇಂಗ್ಲಿಷ್ ಓದುವ ಅಭ್ಯಾಸ ಇರಬೇಕು ಅಂತೇನಿಲ್ಲ, ಅಷ್ಟು ಸಾಲು ಸಾಕು.

ಹೆಜ್ಜೆ ಮೂರು: ಪ್ರಾಣಿಯ ಹತ್ತಿರದ ಪದಗಳು ಬೇರೆ ಎಲ್ಲಿ ಬರುತ್ತವೆ ನೋಡಿ

ಚಿಕ್ಕ ಕಥೆಯಲ್ಲಿ ಒಂದು ಪದ ಮತ್ತೆ ಮತ್ತೆ ಬಂದರೆ ಅದು ಕೈತಪ್ಪಿ ಬಂದಿರುವುದು ಕಡಿಮೆ. ಇಲ್ಲಿ ಆ ಪದ ‘ಬಿಗಿ’. ಇಂಗ್ಲಿಷಿನಲ್ಲಿ ‘ಟೈಟ್’. ಹೆಂಡತಿ ಇಂಗ್ಲಿಷಿನಲ್ಲಿ ಮಾತಾಡಿದಾಗ ಕೆಲಸದವಳ ಮುಖ ಬಿಗಿಯಾಗುತ್ತದೆ. ಯಜಮಾನ ತಲೆಬಾಗಿದಾಗ ಅವಳೊಳಗೆ ಏನೋ ಚಿಕ್ಕದಾಗಿ, ಬಿಗಿಯಾಗಿ ಮುದುರುತ್ತದೆ. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಎಳೆದು ಗಂಟು ಕಟ್ಟಬೇಕು ಅನ್ನುವ ಆಸೆ. ಕೊನೆಗೆ, ಬಾಗಿಲಲ್ಲಿ ನಿಂತ ಕೆಲಸದವಳು ಬೆಕ್ಕನ್ನು ಮೈಗೆ ಬಿಗಿಯಾಗಿ ಒತ್ತಿ ಹಿಡಿದಿದ್ದಾಳೆ.

ಇವನ್ನು ಒಂದರ ಕೆಳಗೆ ಒಂದು ಬರೆಯಿರಿ. ಪಕ್ಕದಲ್ಲೇ ‘ಮೈ ಚಿಕ್ಕದು ಮಾಡಿಕೊಂಡ ಬೆಕ್ಕು’ ಅಂತಲೂ ಬರೆಯಿರಿ. ಬೆಕ್ಕು ಅವಳ ಸಂಕೇತ ಅಂತ ಕಥೆ ಎಲ್ಲಿಯೂ ಹೇಳಿಲ್ಲ. ಆದರೆ ಮಳೆಗೆ ಮುದುರಿದ ಮೈಯಿಗೂ ಅವಳೊಳಗೆ ಮುದುರಿದ ಯಾವುದಕ್ಕೋ ನಂಟು ಬೆಳೆದಿದೆ. ಆ ನಂಟು ಪದಗಳಲ್ಲೇ ಇದೆ, ಬೆರಳಿಟ್ಟು ತೋರಿಸಬಹುದು. ಬೆರಳಿಟ್ಟು ತೋರಿಸಲು ಬರುವುದನ್ನೇ ನಾನು ಸಂಕೇತ ಅಂತ ಒಪ್ಪುತ್ತೇನೆ.

ಹೆಜ್ಜೆ ನಾಲ್ಕು: ಹೊರಗಿನಿಂದ ತಂದದ್ದನ್ನು ಬೇರೆ ಹಾಳೆಯಲ್ಲಿಡಿ

ನಮ್ಮ ಭಾಷೆಯೇ ಪ್ರಾಣಿಗಳಿಗೆ ಅರ್ಥ ಹಚ್ಚಿಟ್ಟಿದೆ. ಮೊಸಳೆ ಕಣ್ಣೀರು, ಗುಳ್ಳೆನರಿ ಬುದ್ಧಿ, ನಾಯಿಪಾಡು, ಗೋಮುಖ ವ್ಯಾಘ್ರ. ನೀತಿಕಥೆಗಳಲ್ಲಿ ಈ ಅರ್ಥಗಳು ಕೆಲಸಕ್ಕೆ ಬರುತ್ತವೆ, ಅಲ್ಲಿ ನರಿ ಬಂದ ಕ್ಷಣವೇ ಮೋಸ ಶುರು. ನವ್ಯ ಕಥೆಯಲ್ಲಿ ಇವು ಅಡ್ಡ ಬರಬಹುದು. ಹಾಗಂತ ಎಸೆಯಬೇಡಿ. ‘ಇದು ನನ್ನದು, ಕಥೆಯದ್ದಲ್ಲ’ ಅಂತ ಬೇರೆ ಹಾಳೆಯಲ್ಲಿ ಬರೆದಿಡಿ. ಕಥೆ ಆ ಹಳೆಯ ಅರ್ಥವನ್ನು ತಾನಾಗಿ ಮುಟ್ಟಿದರೆ ಮಾತ್ರ ಒಳಗೆ ತಂದುಕೊಳ್ಳಿ.

ಹೆಜ್ಜೆ ಐದು: ಪ್ರಾಣಿ ಬದಲಿಸಿ ನೋಡಿ

ಸುಲಭದ ಪರೀಕ್ಷೆ ಇದು, ಫಲ ಮಾತ್ರ ದೊಡ್ಡದು. ಮೇಜಿನಡಿ ಬೆಕ್ಕಿನ ಬದಲು ನಾಯಿ ಇದ್ದಿದ್ದರೆ? ಅವಳು ಕೆಳಗಿಳಿದು ಕರೆದಿದ್ದರೆ ಬಾಲ ಅಲ್ಲಾಡಿಸುತ್ತ ಬಂದುಬಿಡುತ್ತಿತ್ತೇನೋ. ಬೆಕ್ಕು ಕರೆದಾಗ ಬರುವ ಪ್ರಾಣಿಯಲ್ಲ. ತನಗೆ ಬೇಕಾದಾಗ ಬಂದು ತೊಡೆ ಏರುತ್ತದೆ, ಬೇಡವಾದಾಗ ಇಳಿದು ಹೋಗುತ್ತದೆ. ಅವಳ ಆಸೆಗಳ ಪಟ್ಟಿ ನೋಡಿದರೆ ಅವಳಿಗೂ ಬೇಕಾದದ್ದು ಇಂಥದ್ದೇ ಏನೋ: ತನಗಿಷ್ಟ ಬಂದ ಹಾಗೆ ಕೂದಲು, ತನ್ನದೇ ಮೇಜು, ತನ್ನದೇ ಬೆಳ್ಳಿ. ನಾಯಿ ಇಟ್ಟರೆ ಕಥೆ ಜೋಲುಬೀಳುತ್ತದೆ.

ಇನ್ನೊಂದು ಕಥೆಯ ಮೇಲೂ ಇದನ್ನು ಪ್ರಯೋಗಿಸೋಣ. ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ 1922ರಲ್ಲಿ ಪ್ರಕಟಿಸಿದ ‘ದಿ ಫ್ಲೈ’. ಒಬ್ಬ ಆಫೀಸಿನ ಯಜಮಾನ. ಮಗ ಯುದ್ಧದಲ್ಲಿ ಸತ್ತು ಆರು ವರ್ಷವಾಗಿದೆ. ಹಳೆಯ ಗೆಳೆಯನೊಬ್ಬ ಬಂದು ಮಗನ ಸಮಾಧಿಯ ಮಾತು ತೆಗೆದು ಹೋಗುತ್ತಾನೆ. ಯಜಮಾನ ಬಾಗಿಲು ಹಾಕಿಸಿ ಅಳಲು ಕೂರುತ್ತಾನೆ, ಅಳು ಬರುವುದಿಲ್ಲ. ಆಗ ಶಾಯಿಯ ದೌತಿಯಲ್ಲಿ ಬಿದ್ದ ನೊಣ ಕಣ್ಣಿಗೆ ಬೀಳುತ್ತದೆ. ಪೆನ್ನಿನಿಂದ ಎತ್ತಿ ಹೀರುಕಾಗದದ ಮೇಲೆ ಬಿಡುತ್ತಾನೆ. ನೊಣ ರೆಕ್ಕೆ ಉಜ್ಜಿ, ಕಾಲು ಉಜ್ಜಿ, ಇನ್ನೇನು ಹಾರಬೇಕು ಅನ್ನುವಾಗ ಅವನೇ ಒಂದು ತೊಟ್ಟು ಶಾಯಿ ಹಾಕುತ್ತಾನೆ. ಅದು ಮತ್ತೆ ಒರೆಸಿಕೊಳ್ಳುತ್ತದೆ. ಮತ್ತೊಂದು ತೊಟ್ಟು. ಮೂರನೆಯದಕ್ಕೆ ಸತ್ತುಹೋಗುತ್ತದೆ.

ನೊಣದ ಜಾಗದಲ್ಲಿ ಚಿಟ್ಟೆ ಇಟ್ಟು ನೋಡಿ. ಕೂಡಲೇ ಕಥೆ ಕೆಡುತ್ತದೆ, ಅಲ್ವಾ? ಚಿಟ್ಟೆಗೆ ಶಾಯಿ ಹಾಕುವವನು ನಮಗೆ ಮೊದಲ ತೊಟ್ಟಿಗೇ ಕ್ರೂರಿ. ನೊಣವನ್ನು ಮಾತ್ರ ನಾವೆಲ್ಲ ಯೋಚಿಸದೆ ಹೊಡೆಯುತ್ತೇವೆ. ಆದ್ದರಿಂದ ಅವನ ಜೊತೆ ನಾವೂ ಕುತೂಹಲದಿಂದ ಬಗ್ಗಿ ನೋಡುತ್ತೇವೆ. ಮೂರನೇ ತೊಟ್ಟಿನ ಹೊತ್ತಿಗೆ ನಾವೂ ಅವನ ಪಕ್ಕದಲ್ಲೇ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ. ಅದೇ ಈ ಕಥೆಯ ಭಯಂಕರ ಸಂಗತಿ.

ಹೆಜ್ಜೆ ಆರು: ಕಥೆ ಬಾಯಿ ಮುಚ್ಚಿಕೊಂಡ ಜಾಗ ಹುಡುಕಿ

ಅಸ್ಪಷ್ಟತೆ ಅಂದರೆ ಕಥೆಯ ತುಂಬ ಕವಿದ ಮಂಜು ಅಂತ ತುಂಬ ಜನ ತಿಳಿದಿದ್ದಾರೆ. ಒಳ್ಳೆಯ ಕಥೆಯಲ್ಲಿ ಅದಕ್ಕೆ ಒಂದು ವಿಳಾಸ ಇರುತ್ತದೆ. ಇಂಥ ಸಾಲಿನಲ್ಲಿ, ಇಂಥ ವಿಷಯವನ್ನು, ಹೀಗೆ ಹೇಳದೆ ಬಿಟ್ಟಿದ್ದಾರೆ ಅಂತ ಹೇಳಲು ಬರಬೇಕು. ‘ಕೊನೆ ಅಸ್ಪಷ್ಟವಾಗಿದೆ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ.

ಮಳೆಯ ಬೆಕ್ಕಿನ ಕಥೆಯಲ್ಲಿ ಪ್ರಶ್ನೆ ನಿಖರವಾಗಿದೆ: ಕೊನೆಗೆ ಬಂದ ಬೆಕ್ಕು ಮೊದಲು ಕಂಡ ಬೆಕ್ಕೇ?

ಸಾಕ್ಷಿ ಕೂಡಿಸೋಣ. ಕೊನೆಯ ಬೆಕ್ಕು ದೊಡ್ಡದು, ಕಪ್ಪು ಕಿತ್ತಳೆ ಬೆರೆತ ‘ಟಾರ್ಟಾಯ್ಸ್‌ಶೆಲ್’ ಬಣ್ಣದ್ದು. ಮೊದಲನೆಯದರ ಬಣ್ಣ ಗೊತ್ತಿಲ್ಲ. ಅದು ಮುದುರಿ ಕೂತಿತ್ತು, ಹಾಗಾಗಿ ನಿಜವಾದ ಗಾತ್ರವೂ ಗೊತ್ತಿಲ್ಲ. ಇಂಥ ಬಣ್ಣ ಬೆರೆತ ಬೆಕ್ಕುಗಳು ಬಹುತೇಕ ಎಲ್ಲವೂ ಹೆಣ್ಣೇ ಆಗಿರುತ್ತವೆ. ಮೊದಲ ಬೆಕ್ಕನ್ನೂ ಹೆಣ್ಣು ಅಂದಿದ್ದಾರೆ. ಒಂದು ಎಳೆ ಕೂಡಿತು. ಆದರೆ ಹೆಣ್ಣು ಬೆಕ್ಕು ಎಷ್ಟೋ ಇರುತ್ತವೆ, ಇದರಿಂದ ತೀರ್ಪು ಕೊಡಲು ಆಗದು.

ಈಗ ಇನ್ನೊಂದು ಪ್ರಶ್ನೆ ಕೇಳಿ: ಯಾಕೆ ಗೊತ್ತಾಗುತ್ತಿಲ್ಲ? ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಬಾಗಿಲು ತಟ್ಟಿದಾಗ ಒಳಗೆ ಬನ್ನಿ ಅಂದವನು ಜಾರ್ಜ್. ಪುಸ್ತಕದಿಂದ ತಲೆ ಎತ್ತಿದವನೂ ಅವನೇ. ಕಥೆಯ ಉದ್ದಕ್ಕೂ ಹೆಚ್ಚಾಗಿ ಅವಳ ಜೊತೆಗಿದ್ದ ನಿರೂಪಣೆ ಕೊನೆಯಲ್ಲಿ ಅವನ ಕಡೆ ಸರಿದಿದೆ. ಅವನು ಮೊದಲ ಬೆಕ್ಕನ್ನು ನೋಡಿಯೇ ಇಲ್ಲ! ನೋಡದವನಿಗೆ ಇದು ಅದೇನಾ ಅಂತ ಹೇಗೆ ಗೊತ್ತಾಗಬೇಕು? ಕಾದಂಬರಿಕಾರ, ವಿಮರ್ಶಕ ಡೇವಿಡ್ ಲಾಡ್ಜ್ 1980ರಲ್ಲಿ ಈ ಕಥೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಈ ದೃಷ್ಟಿಕೋನದ ಪಲ್ಲಟವನ್ನೇ ಎತ್ತಿ ತೋರಿಸಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಅಸ್ಪಷ್ಟತೆ ಅನ್ನುವ ಪದವೇ ಬೇರೆಯಾಗಿ ಕೇಳಿಸತೊಡಗಿತು. ಹೆಂಡತಿ ಏನನ್ನು ನೋಡುತ್ತಿದ್ದಾಳೆ ಅಂತ ತಿರುಗಿ ನೋಡದ ಒಬ್ಬ ಗಂಡನಿಂದ ಹುಟ್ಟಿದ ಕತ್ತಲೆ ಅದು. ಕಥೆಯ ವಿಷಯ ಏನೋ, ಅದರ ಅಸ್ಪಷ್ಟತೆ ಹುಟ್ಟಿದ್ದೂ ಅಲ್ಲಿಂದಲೇ.

ಹಾಗಾಗಿ ನೀವು ಯಾವ ಕಥೆ ಓದಿದರೂ ಮೂರು ಸಂಗತಿ ಬರೆದುಕೊಳ್ಳಿ: ಏನು ಗೊತ್ತಾಗುತ್ತಿಲ್ಲ, ಯಾವ ಸಾಲಿನಲ್ಲಿ, ಯಾರ ಕಣ್ಣಿನ ಕಾರಣದಿಂದ.

ಕೆಲವೊಮ್ಮೆ ಲೇಖಕರೇ ಆ ಖಾಲಿ ಜಾಗವನ್ನು ಕಾಯುತ್ತಾರೆ. ಗ್ರೆಗರ್ ಅನ್ನುವವನು ಒಂದು ಬೆಳಿಗ್ಗೆ ಕೀಟವಾಗಿ ಏಳುವ ಕಾಫ್ಕಾ ಅವರ ಕಥೆ ‘ಮೆಟಮಾರ್ಫಸಿಸ್’ 1915ರಲ್ಲಿ ಪುಸ್ತಕವಾಗುವಾಗ ಅವರು ಪ್ರಕಾಶಕರಿಗೆ ಪತ್ರ ಬರೆದು, ಮುಖಪುಟದಲ್ಲಿ ಆ ಕೀಟವನ್ನು ಮಾತ್ರ ಬಿಡಿಸಬೇಡಿ, ದೂರದಿಂದಲೂ ತೋರಿಸಬೇಡಿ ಅಂತ ಕೇಳಿಕೊಂಡರು. ಗ್ರೆಗರ್ ಏನಾದ ಅನ್ನುವುದಕ್ಕೆ ಅವರು ಬಳಸಿದ ಜರ್ಮನ್ ಪದವೂ ಯಾವುದೋ ಒಂದು ಜಾತಿಯ ಹುಳದ ಹೆಸರಲ್ಲ. ಮನೆಯಲ್ಲಿ ಇರಬಾರದ ಕ್ರಿಮಿಕೀಟಗಳಿಗೆಲ್ಲ ಅನ್ವಯಿಸುವ ಬೈಗುಳದಂಥ ಪದ. ಜಿರಳೆ ಅಂತ ನಾವು ತುಂಬಿಕೊಂಡ ಕೂಡಲೇ ಅವರು ಖಾಲಿ ಬಿಟ್ಟ ಜಾಗ ಮುಚ್ಚಿಹೋಗುತ್ತದೆ.

ಹೆಜ್ಜೆ ಏಳು: ಎರಡು ಓದುಗಳನ್ನು ಎದುರುಬದುರು ಕೂರಿಸಿ

ನೊಣದ ಕಥೆಗೆ ಬನ್ನಿ. ನೊಣ ಯಾರು? ಸತ್ತ ಮಗ ಅನ್ನಿ. ಹಾರಲು ಸಿದ್ಧವಾಗಿದ್ದ ಎಳೆ ಜೀವ, ಮೇಲಿನಿಂದ ಬಿದ್ದದ್ದಕ್ಕೆ ಬಲಿಯಾಯಿತು. ಸರಿ, ಹಾಗಾದರೆ ಶಾಯಿ ಹಾಕಿದ ಅಪ್ಪ ಯಾರು? ನೊಣವೇ ಆ ಯಜಮಾನ ಅನ್ನಿ. ದುಃಖದ ಪೆಟ್ಟು ಒಂದಾದ ಮೇಲೊಂದು ಬಿದ್ದು, ಪ್ರತಿ ಸಲ ಕೊಡವಿಕೊಂಡು ಎದ್ದು, ಕೊನೆಗೆ ಒಳಗೇನೋ ಸತ್ತಿದೆ. ಅಳು ಬಾರದ್ದಕ್ಕೆ ಇದು ಹೊಂದುತ್ತದೆ. ಆದರೆ ಅವನು ಪೆನ್ನು ಹಿಡಿದ ಕೈಯೂ ಹೌದಲ್ಲ?

ಎರಡೂ ಓದು ಅರ್ಧ ದಾರಿ ಬರುತ್ತವೆ, ಅಲ್ಲಿ ನಿಲ್ಲುತ್ತವೆ. ಇಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಹೊಡೆದುಹಾಕುವ ಆತುರ ಬೇಡ. ಎರಡೂ ಎಲ್ಲಿ ನಿಂತವು ಅಂತ ನೋಡಿ. ಎರಡೂ ನಿಂತಿರುವುದು ಒಂದೇ ಜಾಗದಲ್ಲಿ: ನೊಣವನ್ನು ಎತ್ತಿ ಬದುಕಿಸಿದ ಕೈ, ಶಾಯಿ ಹಾಕಿ ಕೊಂದ ಕೈ ಒಂದೇ. ಅವನು ಮೆಚ್ಚಿಕೊಳ್ಳುತ್ತಾ, ಉಸಿರು ಊದಿ ಒಣಗಿಸುತ್ತಾ, ಹುರಿದುಂಬಿಸುತ್ತಾ ಕೊಲ್ಲುತ್ತಾನೆ. ಈ ಕೈ ಬಗ್ಗೆ ಬರೆಯಿರಿ. ಹೊಂದದ ಭಾಗವನ್ನು ಮುಚ್ಚಿಡುವ ಬದಲು ಅದರ ಮೇಲೇ ಬೆಳಕು ಬಿಟ್ಟರೆ ಕಥೆ ತೆರೆದುಕೊಳ್ಳುತ್ತದೆ. ಕೊನೆಯಲ್ಲಿ ಅವನು ತಾನು ಏನು ಯೋಚಿಸುತ್ತಿದ್ದೆ ಅಂತಲೇ ಮರೆತುಬಿಡುತ್ತಾನೆ. ಆ ಮರೆವನ್ನೂ ಈ ಕೈಯ ಪಕ್ಕದಲ್ಲಿಟ್ಟು ಯೋಚಿಸಿ.

ಹೆಜ್ಜೆ ಎಂಟು: ಎಲ್ಲಿ ನಿಲ್ಲಬೇಕು

ಎಷ್ಟು ಅರ್ಥ ಹಚ್ಚಿದರೆ ಜಾಸ್ತಿ ಆಯಿತು? ಮಳೆಯ ಬೆಕ್ಕಿನ ಕಥೆಯಲ್ಲಿ ಹೆಂಡತಿ ಹೋಟೆಲಿನ ಬಾಗಿಲಲ್ಲಿ ನಿಂತಾಗ ರಬ್ಬರಿನ ಮಳೆಯಂಗಿ ಹಾಕಿದ ಒಬ್ಬ ಮನುಷ್ಯ ಖಾಲಿ ಚೌಕ ದಾಟುತ್ತಾನೆ. ಜಾನ್ ಹಗೋಪಿಯನ್ ಅನ್ನುವ ವಿಮರ್ಶಕರು 1962ರಲ್ಲಿ ಆ ರಬ್ಬರನ್ನು ಗರ್ಭನಿರೋಧದ ಸಂಕೇತ ಅಂತ ಓದಿದರು. ಅವಳಿಗೆ ಮಗು ಬೇಕು, ಬೆಕ್ಕು ಮಗುವಿನ ಬದಲಿ ಅನ್ನುವ ಓದಿನ ಭಾಗ ಅದು.

ಈ ಓದನ್ನು ನಮ್ಮ ಮಹಜರಿಗೆ ಹೋಲಿಸಿ. ಮಗುವಿನ ಬದಲಿ ಅನ್ನುವುದಕ್ಕೆ ಸ್ವಲ್ಪ ಆಧಾರ ಇದೆ: ತೊಡೆ ಮೇಲೆ ಕೂರುವ ಮರಿ, ಮನೆ ಮಾಡುವ ಆಸೆ, ಗಂಡುಹುಡುಗನ ಹಾಗೆ ಕಾಣುತ್ತೇನೆ ಅನ್ನುವ ಬೇಸರ. ಮಗು ಅನ್ನುವ ಪದ ಮಾತ್ರ ಅವಳು ಒಮ್ಮೆಯೂ ಆಡಿಲ್ಲ. ಮಳೆಯಂಗಿಯ ವಿಷಯ ಇನ್ನೂ ತೆಳು. ಮಳೆ ಬರುತ್ತಿದೆ, ಮನುಷ್ಯ ಮಳೆಯಂಗಿ ಹಾಕಿದ್ದಾನೆ. ಅದು ಮತ್ತೆ ಬರುವುದಿಲ್ಲ, ಬೇರೆ ಯಾವ ಪದದ ಜೊತೆಗೂ ಕೂಡಿಕೊಳ್ಳುವುದಿಲ್ಲ. ಅಲ್ಲಿ ನಾನು ನಿಲ್ಲುತ್ತೇನೆ. ಕಥೆಯಲ್ಲಿ ಕನಿಷ್ಠ ಎರಡು ಕಡೆ ಹಿಡಿತ ಸಿಗದ ಅರ್ಥವನ್ನು ಬರಹದಲ್ಲಿ ಸೇರಿಸುವುದಿಲ್ಲ. ಇದು ನನ್ನ ಅಳತೆ, ನೀವು ಬೇರೆ ಇಟ್ಟುಕೊಳ್ಳಬಹುದು. ಒಂದು ಅಳತೆ ಅಂತೂ ಇರಲೇಬೇಕು.

ಹೆಜ್ಜೆ ಒಂಬತ್ತು: ಬರೆಯುವಾಗ

ಟಿಪ್ಪಣಿಯನ್ನು ಲೇಖನ ಮಾಡುವಾಗ ‘ಬೆಕ್ಕು ಇಂಥದ್ದರ ಸಂಕೇತ’ ಅನ್ನುವ ವಾಕ್ಯದಿಂದ ಶುರು ಮಾಡಬೇಡಿ. ಆ ವಾಕ್ಯ ಬರೆದ ಮೇಲೆ ಬೆಕ್ಕಿಗೆ ಅಲ್ಲಾಡಲು ಜಾಗ ಇರುವುದಿಲ್ಲ. ಹಾಗೆಯೇ ಪ್ರತಿ ಸಾಲಿಗೂ ‘ಇರಬಹುದು’, ‘ಅನಿಸುತ್ತದೆ’ ಸೇರಿಸಿ ತಪ್ಪಿಸಿಕೊಳ್ಳಬೇಡಿ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳಿ, ಗೊತ್ತಿಲ್ಲದ ಒಂದು ಜಾಗವನ್ನು ಅಷ್ಟೇ ಗಟ್ಟಿಯಾಗಿ ತೋರಿಸಿ.

ನಾನಾದರೆ ಹೀಗೆ ಬರೆಯುತ್ತೇನೆ:

‘ಮೊದಲ ಬೆಕ್ಕನ್ನು ಹೆಂಡತಿ ಮಾತ್ರ ನೋಡುತ್ತಾಳೆ. ಮಳೆಗೆ ಮೈ ಚಿಕ್ಕದು ಮಾಡಿಕೊಂಡ ಅದರ ಭಂಗಿ, ಮುಂದೆ ಅವಳೊಳಗೆ ಏನೋ ಚಿಕ್ಕದಾಗಿ ಬಿಗಿಯುವ ಅನುಭವದಲ್ಲಿ ಮರಳಿ ಬರುತ್ತದೆ. ಬೆಕ್ಕಿನ ಮರಿ ಬೇಕು ಅಂದವಳು, ಗಂಡ ಗದರಿದ ಮೇಲೆ ಬೆಕ್ಕು ಬೇಕು ಅನ್ನುತ್ತಾಳೆ. ಕೊನೆಗೆ ಒಂದು ಬೆಕ್ಕು ಬರುತ್ತದೆ. ಅದು ಅದೇ ಬೆಕ್ಕೋ ಅಲ್ಲವೋ ನಮಗೆ ತಿಳಿಯುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನಾವು ಕಿಟಕಿಯಿಂದ ಹೊರಗೆ ನೋಡದವನ ಪಕ್ಕದಲ್ಲಿದ್ದೇವೆ. ಅವಳ ಮುಖ ಹೇಗಾಯಿತು ಅಂತ ಕಥೆ ತೋರಿಸುವುದಿಲ್ಲ.’

ಬರೆದಾದ ಮೇಲೆ ಕಥೆಯ ಕೊನೆಯ ನಾಲ್ಕೈದು ಸಾಲು ಮತ್ತೆ ಓದಿ. ನಿಮ್ಮ ಬರಹದಲ್ಲಿ ಯಾವುದಾದರೂ ವಾಕ್ಯ ‘ಇದು ಅದೇ ಬೆಕ್ಕು’ ಅಥವಾ ‘ಇದು ಬೇರೆ ಬೆಕ್ಕು’ ಅಂತ ಒಳಗೊಳಗೇ ನಂಬಿಕೊಂಡು ನಿಂತಿದೆಯಾ ನೋಡಿ. ಇದ್ದರೆ ಆ ವಾಕ್ಯ ತೆಗೆಯಿರಿ. ಆಮೇಲೆ ಕೆಲಸದವಳ ಕೈಯಲ್ಲಿರುವ ಬೆಕ್ಕನ್ನು ಇನ್ನೊಮ್ಮೆ ನೋಡಿ. ಅವಳ ಎದೆಗೆ ಒತ್ತಿಕೊಂಡಿದೆ, ಭಾರಕ್ಕೆ ಕೆಳಗೆ ಜೋತುಬಿದ್ದಿದೆ. ಮೇಜಿನಡಿಯ ಬೆಕ್ಕು ಮೈ ಚಿಕ್ಕದು ಮಾಡಿಕೊಂಡಿತ್ತು, ಇದು ಪೂರ್ತಿ ಉದ್ದಕ್ಕೆ ಇಳಿಬಿದ್ದಿದೆ.